ತಂತಿಯ ಮೇಲಿನ ಧ್ವನಿ, ಕಾಗದದ ಮೇಲಿನ ಮಾತು



ತಾಳೆಗರಿಯ ಕಟ್ಟುಗಳನ್ನು ಬಿಚ್ಚಿ ನೋಡಿದವರಿಗೆ ಲಿಪಿಕಾರನ ಕಷ್ಟವನ್ನು ಬೇರೆ ಹೇಳಬೇಕಾಗಿಲ್ಲ. ಕಂಡದ್ದನ್ನು ಪ್ರತಿಮಾಡುವುದೇ ದುಷ್ಕರವಾಗಿರುವಾಗ ಕೇಳಿದ್ದನ್ನು ಇದ್ದಂತೆಯೇ ಬರೆಯುವುದು ಇನ್ನೆಷ್ಟು ದುಷ್ಕರ! ಈ ಪ್ರಸಂಗದಲ್ಲಿ ಡೇವಿಡ್ ಬೋಡರ್ ಎಂಬ ವಿದ್ವಾಂಸರ ವೃತ್ತಾಂತವನ್ನು ನಿಮ್ಮ ಮುಂದಿಡಬಯಸುತ್ತೇವೆ.

೧೮೮೬ರಲ್ಲಿ, ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಲಾಟ್ವಿಯಾದ ಯೆಹೂದಿ ಮನೆತನದಲ್ಲಿ ಜನಿಸಿದ ಇವರು ಚಿಕಾಗೋದ ಇಲಿನಾಯ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮಹಾಯುದ್ಧ ಮುಗಿದ ಮರುವರ್ಷ, ೧೯೪೬ರ ಜುಲೈ ತಿಂಗಳಲ್ಲಿ, ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಹಿಡಿಯುವ ಯಂತ್ರದೊಡನೆ ಪ್ಯಾರಿಸ್ ನಗರವನ್ನು ಸೇರಿದರು. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ, ಜರ್ಮನಿಗಳ ನಿರಾಶ್ರಿತರ ನೆಲೆಗಳಲ್ಲಿ ಸಂಚರಿಸಿ, ನಾತ್ಸಿ ಯಾತನಾಶಿಬಿರಗಳಿಂದ ಬದುಕಿ ಬಂದವರೇ ಮೊದಲಾಗಿ ಸುಮಾರು ೧೩೦ ಮಂದಿಯ ಮಾತನ್ನು ೯ ಭಾಷೆಗಳಲ್ಲಿ ಸಂಗ್ರಹಿಸಿದರು. ಸುಮಾರು ೨೦೦ ಸುರುಳಿಗಳು, ೯೦ ಗಂಟೆಗಳ ಧ್ವನಿ. ತಮ್ಮ ಮುಖಭಾವವು ಹೇಳುವವರ ಮನಸ್ಸನ್ನು ಬಾಗಿಸದಿರಲೆಂದು ಅವರ ಹಿಂದೆ ಕುಳಿತೇ ಪ್ರಶ್ನಿಸುತ್ತಿದ್ದರು.

ಸಂಗ್ರಹಕ್ಕೆ ಕೆಲವೇ ವಾರಗಳು ಸಾಕಾದವು; ಬರವಣಿಗೆಗೆ ಹತ್ತು ವರ್ಷಗಳೂ ಸಾಲಲಿಲ್ಲ. ಒಂದು ಯಂತ್ರದಲ್ಲಿ ಮೂಲವನ್ನು ತುಣುಕುತುಣುಕಾಗಿ ಕೇಳುವುದು, ಕೂಡಲೇ ಅದನ್ನು ಇಂಗ್ಲಿಷಿನಲ್ಲಿ ಇನ್ನೊಂದು ಯಂತ್ರಕ್ಕೆ ಹೇಳುವುದು, ಬಳಿಕ ಅದನ್ನು ಬೆರಳಚ್ಚು ಮಾಡಿಸುವುದು—ಇದು ಅವರ ಕ್ರಮ. ಮೂಲಭಾಷೆಯ ಬರಹವನ್ನೇ ಸಿದ್ಧಪಡಿಸದೆ ನೇರವಾಗಿ ಅನುವಾದಕ್ಕೆ ಇಳಿದದ್ದು ಸರಿಯಲ್ಲವೆಂದೇ ನಮ್ಮ ಎಣಿಕೆ. ಆದರೆ ಒಂದು ವಿಷಯದಲ್ಲಿ ಅವರು ಕದಲಲಿಲ್ಲ. ಮಾತು ಮುರಿದಿದ್ದರೆ ಮುರಿದಂತೆಯೇ, ಕಾಲಪ್ರಯೋಗ ತಪ್ಪಿದ್ದರೆ ತಪ್ಪಿದಂತೆಯೇ ಬರೆಸಿದರು. ಮನುಷ್ಯನಿಗೆ ಆದ ಗಾಯವು ಅವನ ಭಾಷೆಗೂ ಆಗಿರುತ್ತದೆ, ವ್ಯಾಕರಣವನ್ನು ತಿದ್ದಿದರೆ ಸಾಕ್ಷ್ಯವನ್ನೇ ತಿದ್ದಿದಂತಾಗುತ್ತದೆ ಎಂಬುದು ಅವರ ತಿಳಿವಳಿಕೆ.

ಇದನ್ನು ಓದಿದಾಗ ನಾವು ತಲೆತಗ್ಗಿಸಿದೆವೆಂದು ಒಪ್ಪಿಕೊಳ್ಳಬೇಕು. ವಿಶ್ವವಿದ್ಯಾಲಯದ ವ್ಯಾಸಂಗಕಾಲದಲ್ಲಿ, ಮಠದ ದಾಸೋಹದ ಅಡುಗೆಮನೆಯಲ್ಲಿ ಆಯುಷ್ಯ ಸವೆಸಿದ ವೃದ್ಧ ಶರಣೆಯೊಬ್ಬರ ನೆನಪುಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದು, ಶುದ್ಧ ಗ್ರಾಂಥಿಕ ಕನ್ನಡಕ್ಕೆ ಇಳಿಸಿದ್ದೆವು. ಆ ತಾಯಿ ನಡುನಡುವೆ ಸುಮ್ಮನಾದದ್ದನ್ನು ಗುರುತಿಸಲಿಲ್ಲ. ಒಂದೇ ಮಾತನ್ನು ಮೂರು ಸಲ ಹೇಳಿದ್ದರೆ ಎರಡನ್ನು ಹೊಡೆದುಹಾಕಿದೆವು. ಮಾರ್ಗದರ್ಶಕರು ಭಾಷೆಯನ್ನು ಮೆಚ್ಚಿದರು. ಆಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಒಂದು ಪ್ರವಚನವನ್ನು ಮುದ್ರಿಸಿಕೊಂಡೆವು. ಈಗ ಉಳಿದಿರುವುದು ನಮ್ಮ ಕನ್ನಡ, ಅವರದಲ್ಲ.

ಬೋಡರ್ ಅವರು ೧೯೪೯ರಲ್ಲಿ ಎಂಟು ಸಂದರ್ಶನಗಳ ಒಂದು ಪುಸ್ತಕವನ್ನೂ, ೧೯೫೦ರಿಂದ ೧೯೫೭ರವರೆಗೆ ೭೦ ಸಂದರ್ಶನಗಳ ೧೬ ಸಂಪುಟಗಳನ್ನೂ ಹೊರತಂದರು. ಮೂರು ಸಾವಿರ ಪುಟಗಳನ್ನು ಮೀರಿದ ಆ ರಾಶಿಯನ್ನು ಅಂದು ಓದಿದವರು ಕೆಲವರೇ. ಉಳಿದುವನ್ನು ಬರೆಯಿಸಲಾಗದೆ ೧೯೬೧ರಲ್ಲಿ ತೀರಿಕೊಂಡರು. ಇಂದು ಅದೇ ಚಿಕಾಗೋ ಸಂಸ್ಥೆಯು ಮೂಲಧ್ವನಿಯನ್ನೂ ಬರಹವನ್ನೂ ಅಂತರ್ಜಾಲದಲ್ಲಿ ಒದಗಿಸಿದೆ, ನಾವೂ ಕೇಳಿದ್ದೇವೆ. ಫ್ರಾನ್ಸಿನ ಎನೊನ್‌ವಿಲ್ ಎಂಬಲ್ಲಿ ನಿರಾಶ್ರಿತರು ಹಾಡಿದ ಹಾಡುಗಳ ಸುರುಳಿಯೊಂದು ಮಾತ್ರ ಬಹುಕಾಲ ಕಾಣೆಯಾಗಿತ್ತು. ಅದು ಅಮೆರಿಕದ ಆಕ್ರನ್ ವಿಶ್ವವಿದ್ಯಾಲಯದ ದಾಖಲೆಗಳ ನಡುವೆ, ಹೆಸರು ತಪ್ಪಾಗಿ ಬರೆದ ಪೆಟ್ಟಿಗೆಯಲ್ಲಿತ್ತು.