ಎರಡು ಸಲ ಬೆಂದ ತಿನಿಸು: ಇಟಲಿಯ ಬಿಸ್ಕತ್ತುಗಳ ಪೂರ್ವಕಥೆ

ಸಂಜೆಯ ಕಾಫಿಯೊಡನೆ ತಟ್ಟೆಗೆ ಬರುವ ಬಿಸ್ಕತ್ತಿಗೆ ಆ ಹೆಸರು ಹೇಗೆ ಬಂತೆಂದು ನಾವು ವಿಚಾರಿಸುವುದು ಕಡಿಮೆ. ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದ ಈ ಮಾತಿನ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಬಿಸ್’ ಎಂದರೆ ಎರಡು ಸಲ, ‘ಕೊಕ್ತುಸ್’ ಎಂದರೆ ಬೆಂದದ್ದು. ಇಟಲಿಯ ಜನ ಇಂದಿಗೂ ‘ಬಿಸ್ಕೊತ್ತೊ’ ಎನ್ನುತ್ತಾರೆ. ಒಂದೇ ಸಲ ಬೇಯಿಸಿದ ಮೆತ್ತನೆಯ ತಿನಿಸಿಗೂ ಅವರಲ್ಲಿ ಅದೇ ಹೆಸರು.

ಆ ದೇಶದಲ್ಲಿ ಊರಿಗೊಂದು ಬಿಸ್ಕತ್ತು, ಬಿಸ್ಕತ್ತಿಗೊಂದು ಕಥೆ. ಬೆರಳಿನಾಕಾರದ ಹಗುರವಾದ ‘ಸವೊಯಾರ್ದಿ’ಯನ್ನು ಫ್ರಾನ್ಸಿನ ದೊರೆಯ ಸತ್ಕಾರಕ್ಕಾಗಿ ಸವೊಯ್ ಅರಮನೆಯಲ್ಲಿ ಮೊದಲು ಮಾಡಿದರಂತೆ. ಸಿಯೆನಾ ನಗರದ ಬಾದಾಮಿಯ ‘ರಿಚ್ಚಾರೆಲ್ಲಿ’ಯನ್ನು ಧರ್ಮಯುದ್ಧದಿಂದ ಹಿಂದಿರುಗಿದ ಸರದಾರನೊಬ್ಬ ತಂದನಂತೆ. ಸರೊನ್ನೊ ಊರಿನ ‘ಅಮರೆತ್ತಿ’ ಹುಟ್ಟಿದ್ದು ಅಲ್ಲಿಗೆ ಆಗಮಿಸಿದ ಕಾರ್ಡಿನಲರೊಬ್ಬರ ಗೌರವಾರ್ಥವಂತೆ. ಕೇಳಲು ಇಂಪಾದ ಈ ಕಥೆಗಳಲ್ಲೆಲ್ಲ ತಿಂದವರ ಹೆಸರು ದೊಡ್ಡದಾಗಿದೆ, ಹಿಟ್ಟು ನಾದಿದವರ ಹೆಸರಿಲ್ಲ. ಚರಿತ್ರೆಯ ಬೆಳಕಿನಲ್ಲಿ ನೋಡಿದರೆ ನಮಗೆ ಕಾಣಸಿಗುವವರೇ ಬೇರೆ: ರೈತ, ನಾವಿಕ, ವರ್ತಕ, ಸನ್ಯಾಸಿನಿ, ಅಡಿಗೆಯಾಕೆ.

ಮೊದಲು ರೈತನ ಮನೆಗೆ ಹೋಗೋಣ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ರೋಮಿನ ಕೇಟೋ ಎಂಬಾತನು ಬೇಸಾಯದ ವಿಷಯವಾಗಿ ಬರೆದ ಗ್ರಂಥದಲ್ಲಿ ಒಂದು ತಿನಿಸಿನ ಕ್ರಮ ಹೇಳಿದ್ದಾನೆ. ಗೋಧಿಹಿಟ್ಟನ್ನು ಹೊಸ ದ್ರಾಕ್ಷಿರಸದಲ್ಲಿ ಕಲಸಿ, ಅದಕ್ಕೆ ಸೋಂಪು, ಜೀರಿಗೆ, ಹಂದಿಯ ಕೊಬ್ಬು, ಚೀಸು ಸೇರಿಸಿ, ಲಾರೆಲ್ ಗಿಡದ ಎಲೆಗಳ ಮೇಲಿಟ್ಟು ಬೇಯಿಸಬೇಕು. ಇದರಲ್ಲಿ ಸಕ್ಕರೆಯ ಮಾತೇ ಇಲ್ಲ, ಸಿಹಿಯೇನಿದ್ದರೂ ದ್ರಾಕ್ಷಿಯದೇ. ಇದರ ಹೆಸರು ‘ಮುಸ್ತಾಸಿಯುಂ’. ಇಟಲಿಯ ‘ಮೊಸ್ತಚ್ಚೊಲಿ’ ಎಂಬ ಬಿಸ್ಕತ್ತುಗಳ ಹೆಸರಿನಲ್ಲಿ ಅದರ ನೆನಪು ಉಳಿದಿದೆ.

ಇನ್ನು ನಾವಿಕನ ವಿಚಾರ. ವೆನಿಸ್, ಜಿನೋವಾ ನಗರಗಳ ಹಡಗುಗಳು ತಿಂಗಳುಗಟ್ಟಲೆ ಕಡಲಿನಲ್ಲಿರುತ್ತಿದ್ದ ಕಾಲದಲ್ಲಿ ಸಾಧಾರಣ ಬ್ರೆಡ್ಡು ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತಿತ್ತು. ಬೆಂದ ಬ್ರೆಡ್ಡನ್ನು ಮತ್ತೊಮ್ಮೆ ಒಲೆಗೆ ಹಾಕಿ ಒಣಗಿಸಿದರೆ ಅದರಲ್ಲಿನ ತೇವವೆಲ್ಲ ಆರಿಹೋಗುತ್ತದೆ. ತೇವವಿಲ್ಲದ ಕಡೆ ಬೂಷ್ಟು ಬೆಳೆಯದು. ನಮ್ಮ ಬೇಕರಿಗಳ ರಸ್ಕಿನ ಗುಟ್ಟೂ ಇಷ್ಟೆ. ವೆನಿಸಿನಲ್ಲಿ ನೌಕಾಂಗಣದ ಬಳಿ ಈ ಕೆಲಸಕ್ಕೆಂದೇ ಸರ್ಕಾರದ ಒಲೆಗಳಿದ್ದವು. ಹುಟ್ಟು ಹಾಕುವ ಆಳುಗಳು ಕಲ್ಲಿನಂಥ ಆ ತುಂಡುಗಳನ್ನು ನೀರಿನಲ್ಲೋ ಸಾರಿನಲ್ಲೋ ನೆನೆಸಿ ತಿನ್ನುತ್ತಿದ್ದರು. ಬಿಸ್ಕತ್ತು ಎಂಬುದು ಆಗ ವಿಲಾಸವಲ್ಲ, ಜೀವ ಹಿಡಿಯುವ ಬುತ್ತಿ.

ಈ ಬುತ್ತಿ ಸಿಹಿಯಾದದ್ದು ಹೇಗೆ? ಅರಬರು ೮೨೭ರಲ್ಲಿ ಸಿಸಿಲಿ ದ್ವೀಪಕ್ಕೆ ದಂಡೆತ್ತಿ ಬಂದು ಕ್ರಮೇಣ ಅಲ್ಲಿ ನೆಲೆಸಿದರು. ಅವರೊಡನೆ ಕಬ್ಬಿನ ಬೇಸಾಯವೂ ಬಂತು. ಸಂಸ್ಕೃತದ ‘ಶರ್ಕರಾ’ ಪಾರಸಿಯಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’ ಆಗಿ, ಇಟಲಿಯಲ್ಲಿ ‘ಜುಕ್ಕೆರೊ’ ಎನಿಸಿತು. ನಮ್ಮ ಸಕ್ಕರೆಯೂ ಆ ಜುಕ್ಕೆರೊವೂ ಒಂದೇ ತಾಯ ಮಕ್ಕಳು! ಆದರೆ ಬಹುಕಾಲ ಅದು ಮೆಣಸು ಲವಂಗಗಳ ಸಾಲಿನಲ್ಲಿ, ಔಷಧ ಮಾರುವವರಲ್ಲಿ ದೊರೆಯುತ್ತಿದ್ದ ದುಬಾರಿ ಸರಕು. ಬಡವರ ಮನೆಯಲ್ಲಿ ಸಿಹಿ ಎಂದರೆ ಜೇನು, ಅದೂ ಹಬ್ಬಹುಣ್ಣಿಮೆಗೆ ಮಾತ್ರ. ನವೆಂಬರ್ ೨, ಸತ್ತವರನ್ನು ನೆನೆಯುವ ದಿನ. ಅಂದು ‘ಸತ್ತವರ ಎಲುಬು’ ಎಂಬ ಹೆಸರಿನ ಗಟ್ಟಿ ಬಿಳಿಯ ಬಿಸ್ಕತ್ತುಗಳನ್ನು ಮಾಡುವ ಪದ್ಧತಿ ಇಂದಿಗೂ ಉಂಟು.

ಸಿಸಿಲಿಯಲ್ಲಿ ಬಾದಾಮಿಯ ಭಕ್ಷ್ಯಗಳನ್ನು ಕಾಪಾಡಿಕೊಂಡು ಬಂದವರು ಕ್ರೈಸ್ತ ಮಠಗಳ ಸನ್ಯಾಸಿನಿಯರು. ತಿಂಡಿಯ ಮಾರಾಟ ಮಠಕ್ಕೊಂದು ಆದಾಯ. ೧೮೬೬ರ ಕಾನೂನಿನಿಂದ ಇಟಲಿಯ ಸರ್ಕಾರ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡು ಅನೇಕ ಮಠಗಳನ್ನು ವಿಸರ್ಜಿಸಿತು. ಕಟ್ಟಡ ಕೈಬಿಟ್ಟರೂ ಕೈಗುಣ ಉಳಿಯಿತು.

ನಗರದ ಅಂಗಡಿಯವರ ಸರದಿ ಆಮೇಲಿನದು. ಟಸ್ಕನಿ ಪ್ರಾಂತದ ‘ಕಂತೂಚ್ಚಿ’ ಎರಡು ಸಲ ಬೇಯುವ ಬಿಸ್ಕತ್ತುಗಳಲ್ಲಿ ಹೆಸರಾದದ್ದು. ೧೬೯೧ರ ಇಟಾಲಿಯನ್ ನಿಘಂಟು ಅದನ್ನು ನಯವಾದ ಹಿಟ್ಟು, ಸಕ್ಕರೆ, ಮೊಟ್ಟೆಯ ಬಿಳಿಭಾಗ ಸೇರಿಸಿ ಮಾಡಿ ಹೋಳಾಗಿ ಕೊಯ್ದ ಬಿಸ್ಕತ್ತೆಂದು ವಿವರಿಸುತ್ತದೆ, ಬಾದಾಮಿಯ ಪ್ರಸ್ತಾಪವಿಲ್ಲ. ಪ್ರಾತೊ ಪಟ್ಟಣದಲ್ಲಿ ಅಂತೋನಿಯೊ ಮತ್ತೆಯಿ ೧೮೫೮ರಲ್ಲಿ ತೆರೆದ ಅಂಗಡಿಯಿಂದ ಬಾದಾಮಿಯ ಬಿಸ್ಕತ್ತು ಪ್ರಸಿದ್ಧಿಗೆ ಬಂದು, ೧೮೬೭ರ ಪ್ಯಾರಿಸ್ ಪ್ರದರ್ಶನದಲ್ಲಿ ಮನ್ನಣೆ ಪಡೆಯಿತು. ಕಲಸಿದ ಹಿಟ್ಟನ್ನು ಉದ್ದನೆಯ ಉರುಳೆಯಾಗಿ ಬೇಯಿಸಿ, ಓರೆಯಾಗಿ ಕೊಯ್ದು, ಹೋಳುಗಳನ್ನು ಮತ್ತೆ ಒಲೆಯಲ್ಲಿ ಒಣಗಿಸುವುದು ರೂಢಿ. ಟಸ್ಕನಿಯವರು ಅದನ್ನು ‘ವಿನ್ ಸಾಂತೊ’ ಎಂಬ ಸಿಹಿ ದ್ರಾಕ್ಷಾರಸದಲ್ಲಿ ಅದ್ದಿ ತಿನ್ನುತ್ತಾರೆ. ನಾವಿಕ ಅದ್ದಿದ್ದು ಹಲ್ಲು ಉಳಿಸಿಕೊಳ್ಳಲು. ಇವರು ಅದ್ದುವುದು ರುಚಿಗಾಗಿ.

ಕೊನೆಯಲ್ಲಿ ಅಡಿಗೆಯಾಕೆಯನ್ನು ಮರೆಯುವಂತಿಲ್ಲ. ಪೆಲ್ಲೆಗ್ರೀನೊ ಆರ್ತುಸಿ ಎಂಬ ವರ್ತಕನು ವ್ಯಾಪಾರದಿಂದ ನಿವೃತ್ತನಾಗಿ, ೧೮೯೧ರಲ್ಲಿ ಇಟಲಿಯ ಮನೆಯಡಿಗೆಯ ಪುಸ್ತಕವನ್ನು ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿದನು. ಮೊದಲು ೪೭೫ ಇದ್ದ ಪಾಕಗಳು ಮುಂದಿನ ಮುದ್ರಣಗಳಲ್ಲಿ ೭೯೦ಕ್ಕೆ ಏರಿದವು. ಆ ಪಾಕಗಳನ್ನು ಅವನ ಮನೆಯಲ್ಲಿ ಮಾಡಿ ನೋಡಿದವರು ಮರಿಯೆತ್ತಾ ಸಾಬಾತಿನಿ ಎಂಬ ಹೆಂಗಸು ಮತ್ತು ಫ್ರಾಂಚೆಸ್ಕೊ ರುಫಿಲ್ಲಿ ಎಂಬ ಅಡಿಗೆಯವನು. ೧೯೧೧ರಲ್ಲಿ ತೀರಿಕೊಂಡ ಆರ್ತುಸಿ ಆ ಪುಸ್ತಕದ ಹಕ್ಕನ್ನು ಇವರಿಬ್ಬರಿಗೇ ಬಿಟ್ಟುಹೋದನು.

ದೊರೆಗಳ ಹೆಸರಿನ ಕಥೆಗಳಿರಲಿ, ಅವೂ ಚೆಂದವೇ. ಆದರೆ ಒಲೆಯ ಮುಂದೆ ನಿಂತವರ ಋಣವನ್ನು ಬಲ್ಲವನೊಬ್ಬನಾದರೂ ಇದ್ದನಲ್ಲ! ಮುಂದಿನ ಸಲ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುವಾಗ ಆ ಮಾತು ನಮಗೂ ನೆನಪಾಗಲಿ.