ಹತ್ತು ಸೊಳ್ಳೆಗೆ ಹತ್ತಾಣೆ

ಸಿಕಂದರಾಬಾದಿಗೆ ಬಂದು ನೆಲೆಸಿ ಮೂವತ್ತೆರಡು ವರ್ಷವಾಯಿತು. ಊರಿನಿಂದ ನೆಂಟರು ಬಂದರೆ ಚಾರ್ಮಿನಾರ್, ಗೋಲ್ಕೊಂಡ, ಸಾಲಾರ್ ಜಂಗ್ ಎಂದು ಸುತ್ತಿಸುತ್ತೇವೆ. ಆದರೆ ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಹತ್ತಿರವಿರುವ ರೊನಾಲ್ಡ್ ರಾಸ್ ಕಟ್ಟಡವನ್ನು ಇದುವರೆಗೆ ಒಬ್ಬ ನೆಂಟರೂ ಕೇಳಿಲ್ಲ, ನಾವೂ ತೋರಿಸಿಲ್ಲ. ನಾವು ದಿನಾ ಹಚ್ಚುವ ಕಾಯಿಲ್, ಬಳಿದುಕೊಳ್ಳುವ ಕ್ರೀಮು, ಕಟ್ಟುವ ಪರದೆ, ಇವೆಲ್ಲಕ್ಕೂ ಆ ಕಟ್ಟಡದ ಜೊತೆ ಒಂದು ನಂಟಿದೆ. ಅದನ್ನು ಬರೆಯೋಣ ಅನ್ನಿಸಿತು.

ರಾಸ್ ಹುಟ್ಟಿದ್ದು 1857ರಲ್ಲಿ, ಅಲ್ಮೋರಾದಲ್ಲಿ. ಸೊಳ್ಳೆಯ ಜೊತೆ ಆತನ ಮೊದಲ ಜಗಳ ಮಾತ್ರ ನಮ್ಮ ಬೆಂಗಳೂರಿನಲ್ಲೇ. 1883ರಲ್ಲಿ ಅಲ್ಲಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ತನ್ನ ಬಂಗಲೆಯಲ್ಲಿ ಉಳಿದವರ ಮನೆಗಳಿಗಿಂತ ಸೊಳ್ಳೆ ಹೆಚ್ಚು ಎಂಬುದನ್ನು ಗಮನಿಸಿದ. ಹುಡುಕಿ ನೋಡಿದರೆ ಕಿಟಕಿಯ ಹೊರಗೆ ನೀರು ತುಂಬಿದ ಒಂದು ಪೀಪಾಯಿ, ಅದರ ತುಂಬಾ ಹುಳ. ಪೀಪಾಯಿಯನ್ನು ಬೋರಲು ಹಾಕಿದ, ಸೊಳ್ಳೆ ಕಡಿಮೆಯಾಯಿತು. ದಂಡಿನ ಉಳಿದ ಕಡೆಯೂ ಹೀಗೇ ಮಾಡೋಣ ಎಂದು ಮೇಲಿನ ಅಧಿಕಾರಿಗೆ ಹೇಳಿದರೆ, ಸೃಷ್ಟಿಯ ನಿಯಮಕ್ಕೆ ವಿರುದ್ಧವಾಗಿ ಹೋಗುವುದು ಬೇಡ ಎಂಬ ಉತ್ತರ ಬಂತಂತೆ!

ಆಗಿನ್ನೂ ಸೊಳ್ಳೆ ಎಂದರೆ ನಿದ್ದೆಗೆಡಿಸುವ ಹುಳ, ಅಷ್ಟೇ. ಚಳಿಜ್ವರಕ್ಕೆ ಕಾರಣ ಕೆಟ್ಟ ಗಾಳಿ ಎಂದು ಬಹಳ ಜನ ನಂಬಿದ್ದರು. ಮಲೇರಿಯಾ ಎಂಬ ಇಟಾಲಿಯನ್ ಮಾತಿನ ಅರ್ಥವೇ ಅದು. 1897ರ ಆಗಸ್ಟಿನಲ್ಲಿ ರಾಸ್ ಇಲ್ಲಿ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿಯನ್ನು ಪರದೆಯೊಳಗೆ ಮಲಗಿಸಿ, ಒಳಕ್ಕೆ ಸೊಳ್ಳೆಗಳನ್ನು ಬಿಟ್ಟ. ನಾವು ಪರದೆ ಕಟ್ಟುವುದು ಸೊಳ್ಳೆ ಹೊರಗಿರಲಿ ಎಂದು, ಪಾಪ ಆ ಮನುಷ್ಯನಿಗೆ ಕಟ್ಟಿದ್ದು ಒಳಗಿರಲಿ ಎಂದು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆ. ಹತ್ತು ಸೊಳ್ಳೆ ಕಚ್ಚಿದವು, ಹತ್ತಾಣೆ ಸಿಕ್ಕಿತು. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರಾಸ್‌ಗೆ ಮಲೇರಿಯಾ ಜೀವಿ ಕಾಣಿಸಿತು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಸೊಳ್ಳೆಯ ಕಡಿತದಿಂದಲೇ ಹರಡುವುದನ್ನು ತೋರಿಸಿದ. 1902ರಲ್ಲಿ ನೊಬೆಲ್ ಬಹುಮಾನ ಬಂತು. ಹುಸೇನ್ ಖಾನನಿಗೆ ಹತ್ತಾಣೆಯೇ ಬಂತು.

ಅಲ್ಲಿಂದ ಮುಂದೆ ಸೊಳ್ಳೆ ಓಡಿಸುವುದು ನಿದ್ದೆಯ ಮಾತಾಗಿ ಉಳಿಯಲಿಲ್ಲ, ಜೀವದ ಮಾತಾಯಿತು. ಓಡಿಸುವ ಉಪಾಯವೇನೂ ಹೊಸದಲ್ಲ. ನಮ್ಮೂರ ಕೊಟ್ಟಿಗೆಗಳಲ್ಲಿ ಸಂಜೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನ ಹೊಗೆ ಹಾಕುತ್ತಿದ್ದುದು ನಿಮಗೂ ನೆನಪಿರಬಹುದು. ಈ ಹೊಗೆಯನ್ನೇ ಅಂಗಡಿಯ ಸರಕು ಮಾಡಿದವನು ಜಪಾನಿನ ಎಯಿಚಿರೊ ಉಯೆಯಾಮಾ. ಸೇವಂತಿಗೆಯ ಜಾತಿಗೆ ಸೇರಿದ ಪೈರೆಥ್ರಮ್ ಹೂವಿನ ಪುಡಿಯಿಂದ ಆತ 1890ರಲ್ಲಿ ಊದುಬತ್ತಿ ಮಾಡಿದ. ಅದು ಸುಮಾರು ನಲವತ್ತು ನಿಮಿಷಕ್ಕೆ ಉರಿದು ಮುಗಿಯುತ್ತಿತ್ತು. ಸುರುಳಿ ಸುತ್ತಿದರೆ ರಾತ್ರಿಯಿಡೀ ಉರಿಯುತ್ತದಲ್ಲ ಎಂದು 1895ರಲ್ಲಿ ಹೇಳಿದವಳು ಆತನ ಹೆಂಡತಿ ಯೂಕಿ. ಸುರುಳಿ ಮಾರುಕಟ್ಟೆಗೆ ಬಂದದ್ದು 1902ರಲ್ಲಿ. ಇವತ್ತಿನ ಕಾಯಿಲ್‌ನ ಮೂಲ ಒಬ್ಬ ಗೃಹಿಣಿಯ ಲೆಕ್ಕಾಚಾರ ಅನ್ನಿ. ಇವತ್ತಿನ ಹೆಚ್ಚಿನ ಕಾಯಿಲ್‌ಗಳಲ್ಲಿರುವುದು ಆ ಹೂವಲ್ಲ, ಅದರ ಸತ್ವವನ್ನು ಹೋಲುವ ಕೃತಕ ರಾಸಾಯನಿಕ. ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ಒಳ್ಳೆಯದಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂದು ಕಾಯಿಲ್ ಉರಿದು ಮುಗಿಯುವಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ.

ಹೊಗೆ ಮನೆಗೆ ಸರಿ, ಕಾಡಿನಲ್ಲಿ ನಡೆಯುವವನಿಗೆ? ಈ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಎರಡನೇ ಮಹಾಯುದ್ಧದಲ್ಲಿ. ಅದುವರೆಗೆ ಮೈಗೆ ಹಚ್ಚುತ್ತಿದ್ದದ್ದು ಮುಖ್ಯವಾಗಿ ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆ. ವಾಸನೆ ಘಮಘಮ, ಕೆಲಸ ಸ್ವಲ್ಪ ಹೊತ್ತು. ಯುದ್ಧಕಾಲದಲ್ಲಿ ಡೈಮೀಥೈಲ್ ಥಾಲೇಟ್ ಎಂಬ ಎಣ್ಣೆ ಬಂತು. ಅಮೆರಿಕದ ಕೃಷಿ ಇಲಾಖೆಯವರು ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಿದರು. ಆ ಹುಡುಕಾಟದಲ್ಲಿ ಸಿಕ್ಕಿದ್ದು ಡೀಟ್. 1946ರಿಂದ ಅಲ್ಲಿನ ಸೈನ್ಯ, 1957ರಿಂದ ಜನಸಾಮಾನ್ಯರು ಅದನ್ನು ಬಳಸತೊಡಗಿದರು.

ಅದೇ 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಮಂಗನ ಕಾಯಿಲೆ ಹರಡುವುದು ಸೊಳ್ಳೆಯಲ್ಲ, ಉಣುಗು. ಆದರೂ ಸೈನಿಕರು ಹಚ್ಚಿಕೊಂಡ ಎಣ್ಣೆಯೇ ಡಿಎಂಪಿ ಎಂಬ ಹೆಸರಿನಲ್ಲಿ ನಮ್ಮ ಮಲೆನಾಡಿಗೂ ಬಂತು. ಸೌದೆಗೆ, ದರಗಿಗೆ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆಯವರು ಅದನ್ನು ಹಂಚುತ್ತಿದ್ದರು. ಈಚಿನ ವರ್ಷಗಳಲ್ಲಿ ಡೆಪಾ ಎಣ್ಣೆ ಬಂದಿದೆ. ಡೆಪಾವನ್ನು ಬೆಳೆಸಿದ್ದು ಗ್ವಾಲಿಯರ್‌ನ ನಮ್ಮದೇ ರಕ್ಷಣಾ ಪ್ರಯೋಗಾಲಯ. ಎಲ್ಲಿಯ ಯುದ್ಧ, ಎಲ್ಲಿಯ ಸೊರಬ ನೋಡಿ.

ಇಷ್ಟೆಲ್ಲ ಹಳೆಯ ಕಥೆ ಏಕೆಂದರೆ, ಮಗಳು ಆರು ತಿಂಗಳ ಕೂಸನ್ನು ಕರೆದುಕೊಂಡು ಮೊದಲ ಸಲ ಊರಿಗೆ ಹೊರಟಿದ್ದಾಳೆ, ಅದೂ ಮಳೆಗಾಲದಲ್ಲಿ. ಚೀಲಕ್ಕೆ ಏನು ಹಾಕಬೇಕೆಂದು ಮನೆಯಲ್ಲಿ ಮೂರು ಪಕ್ಷ. ನನ್ನಾಕೆಗೆ ಬೇವಿನೆಣ್ಣೆ ಸಾಕು. ಮಗಳಿಗೆ ಕೂಸಿನ ಕೈಗೆ ಕಟ್ಟುವ ಬಣ್ಣದ ಪಟ್ಟಿ ಬೇಕು. ಅಳಿಯಂದಿರಿಗೆ ಇದ್ದುದರಲ್ಲಿ ಅತಿ ಗಾಢವಾದದ್ದೇ ಆಗಬೇಕು. ನಾನು ಹೇಳಿದ್ದು ಇಷ್ಟೇ: ವಾಸನೆ ನೋಡಬೇಡಿ, ಬೆಲೆ ನೋಡಬೇಡಿ, ಎಷ್ಟು ಗಂಟೆ ಕಾಯುತ್ತದೆ ನೋಡಿ. ಯೂಕಿ ಕೇಳಿದ್ದೂ ಅದನ್ನೇ ತಾನೇ?

2002ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದರ ಅಳತೆ ಬಂದಿದೆ. ಹದಿನೈದು ಜನ ಒಂದೊಂದನ್ನೇ ತೋಳಿಗೆ ಹಚ್ಚಿಕೊಂಡು ಸೊಳ್ಳೆಯ ಪಂಜರಕ್ಕೆ ಕೈ ಹಾಕಿದರು. ಶೇಕಡಾ 23.8 ಡೀಟ್ ಇದ್ದದ್ದು ಸರಾಸರಿ 5 ಗಂಟೆ ಕಾಯಿತು. ಸಿಟ್ರೊನೆಲ್ಲಾದವು 20 ನಿಮಿಷಕ್ಕಿಂತ ಕಡಿಮೆ. ಕೈಗೆ ಕಟ್ಟುವ ಪಟ್ಟಿಗಳಿಂದ ರಕ್ಷಣೆಯೇ ಇಲ್ಲ. ಮಗಳು ಪಟ್ಟಿಯನ್ನು ತೆಗೆದಿಟ್ಟಳು.

ಅಳಿಯಂದಿರಿಗೂ ಉತ್ತರ ಇಲ್ಲೇ ಇದೆ. ಶೇಕಡಾವಾರು ಹೆಚ್ಚಿದರೆ ಸೊಳ್ಳೆ ಹೆಚ್ಚು ಹೆದರುವುದಿಲ್ಲ, ರಕ್ಷಣೆ ಹೆಚ್ಚು ಹೊತ್ತು ಬರುತ್ತದೆ, ಅಷ್ಟೇ. ಶೇಕಡಾ 50 ದಾಟಿದರೆ ಆ ಲಾಭವೂ ಇಲ್ಲ. ಒಂದೆರಡು ಗಂಟೆಯ ತಿರುಗಾಟಕ್ಕೆ 10 ಸಾಕು, ಅರ್ಧ ದಿನ ಕಾಡು ಸುತ್ತುವವರಿಗೆ 20ರಿಂದ 30. ಡೀಟ್ ಕನ್ನಡಕದ ಪ್ಲಾಸ್ಟಿಕ್ಕನ್ನು, ರೇಯಾನ್, ಸ್ಪ್ಯಾಂಡೆಕ್ಸ್‌ನಂಥ ಕೆಲವು ಕೃತಕ ಬಟ್ಟೆಗಳನ್ನು ಕೆಡಿಸುತ್ತದೆ, ಜೋಕೆ. ಅದು ಬೇಡವೆನ್ನುವವರಿಗೆ ಇಕಾರಿಡಿನ್ ಇದೆ. 20 ಶೇಕಡಾ ಇದ್ದರೆ ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ವಾಸನೆಯೂ ಕಡಿಮೆ. ನಮ್ಮಲ್ಲಿ ಎಲ್ಲರೂ ಬಲ್ಲ ಓಡೋಮಾಸ್‌ನಲ್ಲಿರುವುದು ಡೀಟ್‌ಗೆ ಹತ್ತಿರದ ಇನ್ನೊಂದು ರಾಸಾಯನಿಕ. ನಿಂಬೆ ವಾಸನೆಯ ನೀಲಗಿರಿ ಮರದಿಂದ ಬರುವ ಪಿಎಂಡಿ ಕೂಡ ಒಳ್ಳೆಯದೇ, ಆದರೆ ಮೂರು ವರ್ಷದೊಳಗಿನ ಮಕ್ಕಳಿಗೆ ಬೇಡ. ಊಟಿಯಿಂದ ತರುವ ನೀಲಗಿರಿ ಎಣ್ಣೆ ಅದಲ್ಲ, ನೆನಪಿರಲಿ.

ಕೂಸಿನ ಮಾತು ಬೇರೆ. ಎರಡು ತಿಂಗಳೊಳಗಿನ ಮಗುವಿಗೆ ಏನನ್ನೂ ಹಚ್ಚಬಾರದು, ಪರದೆಯೇ ಗತಿ. ಆರು ತಿಂಗಳ ನಮ್ಮ ಕೂಸಿಗೂ ಮೊದಲ ಆಯ್ಕೆ ಪರದೆ, ಮೈಮುಚ್ಚುವ ತೆಳ್ಳನೆಯ ಹತ್ತಿ ಬಟ್ಟೆ. ಹಚ್ಚಲೇಬೇಕಾದರೆ ಮಕ್ಕಳ ಡಾಕ್ಟರನ್ನು ಕೇಳಿ, ದೊಡ್ಡವರು ತಮ್ಮ ಅಂಗೈಗೆ ಹಾಕಿಕೊಂಡು ತೆಳ್ಳಗೆ ಸವರಬೇಕು. ಮಗುವಿನ ಕೈಗೆ, ಕಣ್ಣು ಬಾಯಿಯ ಹತ್ತಿರ, ಗಾಯದ ಮೇಲೆ, ಬಟ್ಟೆಯ ಒಳಗೆ ಕೂಡದು. ಮನೆಯೊಳಗೆ ಬಂದ ಮೇಲೆ ಸೋಪಿನಿಂದ ತೊಳೆಯಬೇಕು. ಬಿಸಿಲಿನ ಕ್ರೀಮೂ ಹಚ್ಚುವುದಿದ್ದರೆ ಅದು ಮೊದಲು, ಸೊಳ್ಳೆಯದು ಮೇಲೆ.

ಇನ್ನೊಂದು ಮಾತು. ಪರದೆ ಎಂದರೆ ರಾತ್ರಿಗೆ ಮಾತ್ರ ಎಂಬ ಅಭ್ಯಾಸ ನಮಗೆ ಅಂಟಿದೆ. ರಾಸ್ ಹುಡುಕಿದ ಮಲೇರಿಯಾ ಸೊಳ್ಳೆ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುವಂಥದ್ದು. ಡೆಂಗಿ, ಚಿಕೂನ್‌ಗುನ್ಯಾದ ಸೊಳ್ಳೆ ಹಗಲಿನದು. ಹಾಗಾಗಿ ಮಧ್ಯಾಹ್ನ ಜಗಲಿಯ ಮೇಲೆ ಮಲಗುವ ಕೂಸಿಗೂ ಪರದೆ ಬೇಕು.

ಇಷ್ಟಾಗಿಯೂ, ಮೈಗೆ ಹಚ್ಚುವುದು ಕೊನೆಯ ಕಾವಲು. ಮೊದಲ ಕಾವಲು ಯಾವುದೆಂದು 1883ರಲ್ಲೇ ಬೆಂಗಳೂರಿನಲ್ಲಿ ಒಂದು ಪೀಪಾಯಿ ಹೇಳಿತ್ತು, ಅಧಿಕಾರಿ ಕೇಳಲಿಲ್ಲ. ಊರಿಗೆ ಹೋದವರು ಹಿತ್ತಲಲ್ಲೊಂದು ಸುತ್ತು ಹಾಕಿ. ಅಡಿಕೆ ಹಾಳೆ, ತೆಂಗಿನ ಚಿಪ್ಪು, ಒಡೆದ ಮಡಕೆ, ಹಳೆಯ ಟೈರು, ಎಲ್ಲಿ ನೀರು ನಿಂತಿದೆಯೋ ಅಲ್ಲಿ ಬೋರಲು ಹಾಕಿ ಬನ್ನಿ. ಅದಕ್ಕೆ ಹತ್ತಾಣೆಯೂ ಖರ್ಚಿಲ್ಲ.