ಉತ್ತರ ಹೇಳದ ಪ್ರಶ್ನೆ

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಮರುದಿನದಿಂದ ಪತ್ರಿಕೆಗಳಿಗೆ ಸೆನ್ಸಾರ್ ಜಾರಿಯಾಯಿತು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಆಸ್ತಮಾದಿಂದ ನರಳಿದ ಆಕೆ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು.

ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಉಪಾಧ್ಯಾಯ. ಪೌರನೀತಿಯ ತರಗತಿಯಲ್ಲಿ ಮೂಲಭೂತ ಹಕ್ಕುಗಳನ್ನು ವಿವರಿಸುತ್ತಿದ್ದಾಗ ಹುಡುಗನೊಬ್ಬ ಎದ್ದುನಿಂತು, “ಇವೆಲ್ಲ ಈಗಲೂ ಇವೆಯೇ ಸಾರ್?” ಎಂದು ಕೇಳಿದನು. ನೌಕರಿಯ ಭಯದಿಂದ, “ಪರೀಕ್ಷೆಗೆ ಇಷ್ಟು ಸಾಕು, ಬರೆದುಕೊಳ್ಳಿ” ಎಂದುಬಿಟ್ಟೆ.

ಪತ್ರಿಕೆಗಳ ಬಾಯಿಯನ್ನು ಸರ್ಕಾರ ಮುಚ್ಚಿಸಿತ್ತು. ನನ್ನ ಬಾಯಿಯನ್ನು ನಾನೇ ಮುಚ್ಚಿಕೊಂಡೆ. 1977ರ ಮಾರ್ಚ್ 21ರಂದು ತುರ್ತುಪರಿಸ್ಥಿತಿ ಕೊನೆಗೊಂಡಿತು. ಆ ಉತ್ತರ ಮಾತ್ರ ಬಾಕಿಯೇ ಉಳಿಯಿತು. ಈಗಲಾದರೂ ಹೇಳುತ್ತೇನೆ, ಮಗು: ಅವುಗಳಲ್ಲಿ ಹಲವನ್ನು ಅಮಾನತಿನಲ್ಲಿಟ್ಟಿದ್ದರು. ಅಂದೇ ನಿನಗೆ ಅದನ್ನು ತಿಳಿಸಬೇಕಾಗಿದ್ದವನು ನಾನು.